ಗ್ವಾಡಿ ಏರದ ಚೂರಿ

ಗಜೇಂದ್ರಗಡದ ನೇಕಾರ ಓಣಿಯಲ್ಲಿ ಗ್ಯಾನಪ್ಪನಷ್ಟು ಅಂಜುಬುರುಕ ಇನ್ನೊಬ್ಬ ಇರಲಿಲ್ಲ. ಅವನ ಮನೆಯಲ್ಲಿದ್ದಷ್ಟು ತರಾವರಿ ಕತ್ತಿಗಳು ಗುಡ್ಡದ ಮೇಲಿನ ಕೋಟೆಯಲ್ಲೂ ಎಂದೂ ಇದ್ದಿರಲಿಕ್ಕಿಲ್ಲ. ಕ್ಷೌರಕ್ಕೆ ಕೂತರೆ ಕಣ್ಣು ಮುಚ್ಚಿ ಶಿವನಾಮ ಜಪಿಸುವ ಆಸಾಮಿ ಅವನು. ಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರೆ ಮುಖ ಆ ಕಡೆ ತಿರುಗಿಸುತ್ತಿದ್ದ. ಆದರೆ ಮಗ್ಗದ ಮನೆಯ ಗೋಡೆಯ ತುಂಬ ಜಗತ್ತಿನ ಅರ್ಧ ಸೈನ್ಯ ನೇತಾಡುತ್ತಿತ್ತು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಗ್ಯಾನಪ್ಪ ಸೊಂಟದಿಂದ ಕೆಳಗೆ ಭೂಮಿಯಲ್ಲಿರುತ್ತಿದ್ದ, ಸೊಂಟದಿಂದ ಮೇಲೆ ಯುದ್ಧಭೂಮಿಯಲ್ಲಿ.

ಬಾಗಿಲ ಹತ್ತಿರ ಗೂರ್ಖಾನ ಕುಕ್ರಿ. ಅದರ ಪಕ್ಕದಲ್ಲಿ ಕೊಕ್ಕೆಯಂತೆ ಬಾಗಿದ ಅರಬರ ಜಂಬಿಯಾ. ನಿಜಾಮನ ರಾಜ್ಯ ಮುಳುಗಿದ ವರ್ಷ ಗಡಿ ದಾಟಿ ಬಂದ ಯಾವನೋ ಅದನ್ನು ಛತ್ರದ ಕಟ್ಟೆಯ ಮೇಲೆ ಮರೆತು ಹೋಗಿದ್ದ. ಆಮೇಲೆ ಹಾವು ಹರಿದಾಡಿದಂತೆ ಡೊಂಕು ಡೊಂಕಾದ ಮಲಾಯಾದ ಕ್ರಿಸ್, ಫೌಜಿಗೆ ಹೋಗಿ ಬಂದ ರೋಣದವನೊಬ್ಬ ಬರ್ಮಾದಿಂದ ತಂದ ಉದ್ದನೆಯ ಕತ್ತಿ, ಹಿಂಗು ಮಾರುವ ಪಠಾಣ ಒಂದು ರೇಷ್ಮೆ ರುಮಾಲಿಗೆ ಬದಲಾಗಿ ಕೊಟ್ಟ ಚೂರಿ, ಕೊಡಗಿನ ಅಗಲ ಬೆನ್ನಿನ ಒಡಿಕತ್ತಿ. ಒಮ್ಮೆ ಪೊಲೀಸ್ ಫೌಜದಾರ ವಿಚಾರಣೆಗೆಂದು ಬಂದ. ಗೋಡೆ ನೋಡಿ ಮೀಸೆ ತಿರುವಿದ. ಗ್ಯಾನಪ್ಪನ ಮುಖ ನೋಡಿ ಮೀಸೆ ಇಳಿಸಿದ.

"ಇವನ ಕೈಯಾಗ ಇರೋತನಕ ಊರಿಗೇನೂ ಧಕ್ಕಿ ಇಲ್ಲ," ಎಂದು ಚಹಾ ಕುಡಿದು ಹೋದ.

ಧಕ್ಕೆ ಇದ್ದದ್ದು ಅಡುಗೆಮನೆಗೆ. ಅವನ ಹೆಂಡತಿ ಗಾಳೆವ್ವ ಬಂದವರೆದುರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಮನ್ಯಾಗ ಎಲ್ಲಾ ದೇಶದ್ದೂ ಚೂರಿ ಅದಾವವ್ವಾ. ಬದನೀಕಾಯಿ ಹೆಚ್ಚಾಕ ಮಾತ್ರ ಒಂದೂ ಇಲ್ಲ." ಅವಳ ಪಾಲಿಗೆ ಇದ್ದದ್ದು ಚಿಕ್ಕನರಗುಂದದ ತವರಿನಿಂದ ಬಂದ ಒಂದು ಈಳಿಗೆಮಣೆ. ಅದರ ಮಣೆಯನ್ನು ಕಾಲಲ್ಲಿ ಒತ್ತಿ ಕೂತು ಅವಳು ಸಂಸಾರ ನಡೆಸಿದ್ದಳು.

ಈ ಹುಚ್ಚು ಹಿಡಿದದ್ದು ಒಂದು ಮಳೆಗಾಲದಲ್ಲಿ. ಅಜ್ಜನ ಕಾಲದ ಹಿತ್ತಲ ಗೋಡೆ ಕುಸಿಯಿತು, ಮಣ್ಣಿನೊಳಗಿಂದ ಬಟ್ಟೆಯಲ್ಲಿ ಸುತ್ತಿದ ಕತ್ತಿಯೊಂದು ಹೊರಬಿತ್ತು. ನರಗುಂದದ ಬಂಡಾಯ ಮುರಿದ ಮೇಲೆ ಸರಕಾರ ಮನೆಮನೆಯ ಆಯುಧ ಕಸಿಯಲು ಬಂದಾಗ ಈ ಸೀಮೆಯ ಜನ ಇದ್ದಬದ್ದ ಕತ್ತಿಗಳನ್ನು ಬಾವಿಗೆ, ಕಾಳು ತುಂಬುವ ಹಗೇವಿಗೆ, ಗೋಡೆಗೆ ಸೇರಿಸಿದ್ದರಂತೆ. ಅಜ್ಜ ಬಂಡಾಯಕ್ಕೆ ಹೋಗಿದ್ದನೋ, ಹೋದವರು ಓಡಿ ಬರುವಾಗ ಇವನ ಹಿತ್ತಲಿಗೆ ಎಸೆದಿದ್ದರೋ, ಮೊಮ್ಮಗನ ಧೈರ್ಯ ನೋಡಿದರೆ ಎರಡನೆಯದೇ ಖರೆ ಅನ್ನಿಸುತ್ತದೆ. ಅದೇ ಹೊತ್ತಿಗೆ ಓಣಿಯಲ್ಲಿ "ಸಾಣೀ... ಚೂರೀ ಕತ್ತರೀ ಸಾಣೀ..." ಎಂಬ ಕೂಗು ಕೇಳಿತು.

ಕೂಗಿದವನು ಜಂಗ್ಲಿಸಾಬ. ಹೆಗಲ ಮೇಲೆ ಸಾಣೆಯ ಗಾಲಿ ಹೊತ್ತು ರೋಣ, ನರಗುಂದ, ಗಜೇಂದ್ರಗಡದ ಸಂತೆ ಸುತ್ತುವವನು. ಹರೆಯದಲ್ಲಿ ಬೊಂಬಾಯಿಯ ಬಂದರಿನ ಗೋದಿಯಲ್ಲಿ ಹಮಾಲಿ ಮಾಡಿ, ದೇಶದೇಶದ ಹಡಗಿನ ಖಲಾಸಿಗಳ ಸೊಂಟದ ಚೂರಿ ಕಂಡವನು. ಅವನು ಆ ಕತ್ತಿಯ ಜಂಗು ತೆಗೆದು, ನಿಂಬೆರಸ ಹಚ್ಚಿ ಒರೆಸಿದ. ಉಕ್ಕಿನ ಮೈಮೇಲೆ ನೀರಿನ ಅಲೆಯಂಥ ಗೆರೆಗಳು ಒಂದೊಂದಾಗಿ ಎದ್ದವು.

"ಅಯ್ಯ ಶಿವನ, ಕಬ್ಬಣದಾಗ ನೇಯ್ಗಿ!" ಎಂದ ಗ್ಯಾನಪ್ಪ. ಅವತ್ತು ಮಗ್ಗದ ಕಡೆ ಹೋಗಲೇ ಇಲ್ಲ.

ಆ ದಿನದಿಂದ ಇಬ್ಬರೂ ಒಂದೇ ಗಾಲಿಯ ಎರಡು ಕೀಲಾದರು. ಜಂಗ್ಲಿಸಾಬ ಸಂತೆಗಳಲ್ಲಿ ಹುಡುಕಿ ತರುವುದು, ಗ್ಯಾನಪ್ಪ ಕಟ್ಟೆಯ ಮೇಲೆ ಕೂತು ನೋಡುವುದು, ಇಬ್ಬರೂ ಸೇರಿ ಅದು ಯಾವ ದೇಶದ್ದೆಂದು ಗುರುತಿಸುವುದು. ಗುರುತಿಸುವ ಪದ್ಧತಿ ಇಬ್ಬರದೂ ಬೇರೆ. ಜಂಗ್ಲಿಸಾಬ ಉಗುರಿನಿಂದ ಅಲಗನ್ನು ಚಿಮ್ಮಿ ಕಿವಿಗೆ ಹಿಡಿಯುತ್ತಿದ್ದ: "ಕೇಳು, ತಂಬಗಿ ಬಿದ್ದಂಗ ಅಂತೈತಿ. ಮಲಾಯಾ." ಗ್ಯಾನಪ್ಪ ಬಿಸಿಲಿಗೆ ಹಿಡಿದು ಸೀರೆಯ ಸೆರಗಿನಂತೆ ಓದುತ್ತಿದ್ದ: "ಹಾಸು ಬಿಗಿ ಐತಿ, ಹೊಕ್ಕು ಸಡಲ ಐತಿ. ಇದು ಥಂಡಿ ದೇಶದ ಕೈ." ಯಾವ ಪದ್ಧತಿ ಎಷ್ಟು ಸರಿ ಎಂದು ಕೇಳಬೇಡಿ. ಕಣಿ ಹೇಳುವವರೂ ಇಷ್ಟೇ ಧೈರ್ಯದಿಂದ ಹೇಳುತ್ತಾರೆ, ನಾವೂ ಇಷ್ಟೇ ಧೈರ್ಯದಿಂದ ಬರೆಯುತ್ತೇವೆ.

ಆದರೆ ಕಟ್ಟಳೆ ಎರಡಿದ್ದವು. ಇಬ್ಬರೂ ಒಪ್ಪಿ ಹೆಸರಿಡುವ ತನಕ ಯಾವ ಕತ್ತಿಯೂ ಮಗ್ಗದ ಮನೆಯ ಗ್ವಾಡಿ ಏರಬಾರದು. ಎರಡನೆಯದು ಊರಿಗೆಲ್ಲ ಗೊತ್ತಿದ್ದದ್ದೇ: ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ. ಕೊಡುವವನು ನೆಲಕ್ಕಿಡಬೇಕು, ಕೊಳ್ಳುವವನು ನೆಲದಿಂದ ಎತ್ತಿಕೊಳ್ಳಬೇಕು. ಜಂಗ್ಲಿಸಾಬ ಗೋಣಿಚೀಲ ಹಾಸಿ, ಕೂಸನ್ನು ಮಲಗಿಸಿದಂತೆ ಕತ್ತಿಯನ್ನು ಮಲಗಿಸುತ್ತಿದ್ದ. ಗ್ಯಾನಪ್ಪ ಎರಡೂ ಕೈಯಿಂದ ಎತ್ತಿಕೊಳ್ಳುತ್ತಿದ್ದ. ಇಷ್ಟು ವರ್ಷ ಜಗಳ ಬಂದಿರಲಿಲ್ಲ.

ಐವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಬಂತು.

ಅವತ್ತು ಜಂಗ್ಲಿಸಾಬ ನರಗುಂದದ ಸಂತೆಯಿಂದ ಬಸ್ಸಿಳಿದವನು ಮನೆಗೂ ಹೋಗದೆ ಓಡುತ್ತ ಬಂದ. ಹಳೆಯ ವಾಡೆಯೊಂದನ್ನು ಕೆಡವುತ್ತಿದ್ದವರು, ಗುದ್ದಲಿಗೆ ಸಾಣೆ ಹಿಡಿದದ್ದಕ್ಕೆ, ಅಲ್ಲಿ ಸಿಕ್ಕ ಚೂರಿಯೊಂದನ್ನು ಇವನಿಗೆ ಕೊಟ್ಟಿದ್ದರು. ಗೇಣಿಗಿಂತ ಸ್ವಲ್ಪ ಉದ್ದ, ಎಳೆ ಚಂದ್ರನ ಬಾಗು, ಒಂದೇ ಕಡೆ ಬಾಯಿ, ಎಲುಬಿನ ಹಿಡಿಕೆ. ಹಿಡಿಕೆಯ ಬುಡಕ್ಕೆ ಬಾಲ ಎತ್ತಿ ಓಡುತ್ತಿದ್ದ ಸಣ್ಣದೊಂದು ಪ್ರಾಣಿಯ ಮುದ್ರೆ.

"ಹಿಡೀ ಹಿಡೀ, ನೋಡಿಲ್ಲೆ!" ಎಂದು ಕೈಗೇ ತುರುಕಿದ. ಗ್ಯಾನಪ್ಪನೂ ಹಿಡಿದುಬಿಟ್ಟ.

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಗಾಳೆವ್ವ, "ಅಯ್ಯ ನೆಲಕ್ಕಿಡಲಿಲ್ಲಲ್ರೋ!" ಎಂದು ಕೂಗಿದಳು. ಇಬ್ಬರಿಗೂ ಕೇಳಿಸಲಿಲ್ಲ.

"ಸಿಂಹ," ಎಂದ ಜಂಗ್ಲಿಸಾಬ. "ಇರಾನದ ಸಿಂಹ. ಅಸಲಿ ಮಾಲು."

"ತ್ವಾಳ," ಎಂದ ಗ್ಯಾನಪ್ಪ. "ಜರ್ಮನಿ ಮಂದಿ ಓಡೋ ತ್ವಾಳದ ಮುದ್ರಿ ಹೊಡೀತಾರಂತ ರೋಣದ ಫೌಜಿ ಹೇಳಿದ್ದಿಲ್ಲೇನು?"

"ತ್ವಾಳ ಹಿಂಗ ಬಾಲ ಎತ್ತತೈತೇನೋ?"

"ಸಿಂಹ ಆದ್ರ ಜೂಲೆಲ್ಲೈತಿ?"

"ಸವದೈತಿ."

"ಜೂಲಷ್ಟ ಸವದು ಬಾಲ ಉಳೀತೇನು? ಭಾಳ ಶಾಣ್ಯಾ ಸಿಂಹ!"

ಇಲ್ಲಿಗೆ ನಿಂತಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಜಂಗ್ಲಿಸಾಬ ಬಿಸಿಲಲ್ಲಿ ಬಂದಿದ್ದ, ಹಸಿದಿದ್ದ. "ಗದಗ ದಾಟಿ ಕಾಲಿಟ್ಟಾಂವಲ್ಲ ನೀ. ಕುಣ್ಯಾಗ ಕುಂತು ಜಗತ್ತು ಅಳಿಯೋ ಕಪ್ಪಿ," ಎಂದುಬಿಟ್ಟ. ಮಾತು ಖರೆಯಿತ್ತು, ಅದಕ್ಕೇ ನಾಟಿತು. ಗ್ಯಾನಪ್ಪನೂ ಬಿಡಲಿಲ್ಲ: "ಸಾಣಿಯಾಂವಗ ಕಬ್ಬಣ ಸವಸೂದು ಗೊತ್ತು. ಓದೂದು ಏನ್ ಗೊತ್ತು?"

ಜಂಗ್ಲಿಸಾಬನ ಮುಖ ಸಣ್ಣದಾಯಿತು. ಗೋಣಿಚೀಲ ಮಡಚಿಕೊಂಡ. ಗಾಲಿ ಹೆಗಲಿಗೇರಿಸಿದ. ಚೂರಿಯನ್ನು ಮಾತ್ರ ಮುಟ್ಟಲಿಲ್ಲ.

"ಬರತೀನ್ರಿ ಗ್ಯಾನಪ್ಪನವರ," ಎಂದ.

ಅವರ ನಡುವೆ ದೋಸ್ತಿ ಹುಟ್ಟಿದಾಗಿನಿಂದ 'ಲೇ', 'ಲೋ' ಬಿಟ್ಟು ಇನ್ನೊಂದು ಮಾತಿರಲಿಲ್ಲ. ಆ 'ರಿ' ಒಂದು ಗ್ಯಾನಪ್ಪನ ಎದೆಗೆ, ಗೋಡೆಯ ಮೇಲಿನ ಯಾವ ಅಲಗಿನಿಂದಲೂ ಆಗದಷ್ಟು ನೆಟ್ಟಗೆ ಇಳಿಯಿತು.

ಆಮೇಲೆ ಸಾಣೆಯ ಕೂಗು ನೇಕಾರ ಓಣಿ ಬಿಟ್ಟು ಹಿಂದಿನ ಓಣಿಯಲ್ಲಿ ಕೇಳತೊಡಗಿತು. ಗ್ಯಾನಪ್ಪ ಲಾಳಿ ನಿಲ್ಲಿಸುತ್ತಿದ್ದ, ಕೂಗು ದೂರವಾದ ಮೇಲೆ ಮತ್ತೆ ಒಗೆಯುತ್ತಿದ್ದ. ಬೇರೆ ಸಾಣೆಯವನು ಬಂದರೆ, "ನಮ್ಮಲ್ಲೇನಿಲ್ಲಪ್ಪಾ," ಎಂದು ಜಗತ್ತಿನ ಕತ್ತಿಗಳ ಕೆಳಗೇ ಕೂತು ಹೇಳುತ್ತಿದ್ದ. ಕುಕ್ರಿಗೆ ಜಂಗು ಬಂತು, ಜಂಬಿಯಾ ಮಸುಕಾಯಿತು. ಗಾಳೆವ್ವನ ಈಳಿಗೆ ಎಷ್ಟು ಮೊಂಡಾಯಿತೆಂದರೆ, ಬದನೆಕಾಯಿಯನ್ನು ಅವಳು ಹೆಚ್ಚುತ್ತಿರಲಿಲ್ಲ, ಹರಿಯುತ್ತಿದ್ದಳು. ಗ್ಯಾನಪ್ಪ ಒಬ್ಬನೇ ಕೂತು ಒಂದೆರಡು ಚೂರಿ ಗುರುತಿಸಲು ನೋಡಿದ. "ಇದು ತುರ್ಕಿ," ಎಂದ. ಅಲ್ಲ ಅನ್ನುವವರು ಯಾರೂ ಇರಲಿಲ್ಲ. ಒಬ್ಬನೇ ಕೂತು ಚೌಕಾಬಾರ ಆಡಿದಂತಾಯಿತು. ಗೆದ್ದರೂ ತಾನೇ ಸೋತಂತೆ.

ಇತ್ತ ರಾಜ್ಯಗಳೇ ಒಂದಾದವು. ಜಗಳಾಡಿದ್ದು ಮುಂಬಯಿ ಪ್ರಾಂತದಲ್ಲಿ; ನೋಡನೋಡುತ್ತ ಇಬ್ಬರೂ ಮೈಸೂರು ರಾಜ್ಯದಲ್ಲಿದ್ದರು. ಕನ್ನಡಿಗರೆಲ್ಲ ಕೂಡಿದರೆಂದು ಬಸ್‌ಸ್ಟ್ಯಾಂಡಿನಲ್ಲಿ ಪೇಢೆ ಹಂಚಿದರು. ಗ್ಯಾನಪ್ಪ ಪೇಢೆ ಕೈಯಲ್ಲಿ ಹಿಡಿದು ಹಿಂದಿನ ಓಣಿಯ ತಿರುವಿನ ತನಕ ಹೋದ. ಅಲ್ಲಿಂದ ತಿರುಗಿ ಬಂದು ಗಾಳೆವ್ವನಿಗೆ ಕೊಟ್ಟ.

ಮರುವರ್ಷ ಮಗ ಶಿವನಪ್ಪನ ಲಗ್ನ ಗೊತ್ತಾಯಿತು, ಹೊಳೆಮಣ್ಣೂರಿನ ಹೆಣ್ಣು. ನಮ್ಮ ಕಡೆ ಮದುಮಗನ ಕೈಯಲ್ಲಿ ಚೂರಿ ಇರಬೇಕು, ಅದರ ತುದಿಗೆ ನಿಂಬೆಹಣ್ಣು, ದೃಷ್ಟಿ ತಾಗಬಾರದೆಂದು. ಊರಿನ ಎಷ್ಟೋ ಮದುಮಕ್ಕಳು ಗ್ಯಾನಪ್ಪನ ಗೋಡೆಯಿಂದಲೇ ಚೂರಿ ಇಳಿಸಿಕೊಂಡು ಹೋಗಿದ್ದರು. ಪ್ರತಿ ಸಲವೂ ಹೊಸದಾಗಿ ಸಾಣೆ ಹಿಡಿಸಿ ಕೊಡುವುದು ಪದ್ಧತಿ. ಹಿಡಿದುಕೊಡುತ್ತಿದ್ದವನು ಜಂಗ್ಲಿಸಾಬ.

ಗ್ಯಾನಪ್ಪ ಜೋಳದ ಬುಟ್ಟಿಯೊಳಗಿಂದ ಬಟ್ಟೆಯ ಗಂಟು ತೆಗೆದ. ನರಗುಂದದ ಚೂರಿ. ಅದನ್ನು ಅವನು ಗೋಡೆಗೆ ಹಾಕಿರಲಿಲ್ಲ.

"ಇದನ್ನ ಮಗನ ಕೈಯಾಗ ಕೊಡಬೇಕಂತ ಮನಸೈತಿ," ಎಂದ.

"ಚೂರಿ ಕೊಡೋ ಮನಸೋ, ಸಾಬಣ್ಣನ್ನ ಕರಿಯೋ ಮನಸೋ?" ಎಂದಳು ಗಾಳೆವ್ವ. ಅವನು ಚೂರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. "ಹೋಗ್ರಿ. ಕೈಯಾಗ ಬಂದದ್ದನ್ನ ನೆಲಕ್ಕಿಟ್ಟು ತಿರುಗಿ ಕೊಡ್ರಿ. ಅಂದ್ರ ಬಿಡತೈತಿ ಆ ಪೀಡಾ."

"ಅಂವ ಎತ್ತಿಕೊಳ್ಳದಿದ್ರ?"

"ಎತ್ತಿಕೊಳ್ಳದಿದ್ರ ಅಲ್ಲೇ ಬಿಟ್ಟ ಬರ್ರಿ. ಚೂರೀನೂ ಹೋತು, ದೋಸ್ತೀನೂ ಹೋತು ಅಂತ ತಿಳಕೊಂಡು ಬದನೀಕಾಯಿ ಹರಕೋತ ಇರೂಣಂತ."

ಸಂತೆಯ ದಿನ ಗ್ಯಾನಪ್ಪ ರೋಣದ ಬಸ್ಸು ಹತ್ತಿದ. ಚೂರಿಯನ್ನು, ಅನುಮಾನ ಬರಬಾರದೆಂದು, ತಾನೇ ನೇಯ್ದ ಹೊಸ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ. ಅಂಜುಬುರುಕನ ಬುದ್ಧಿ ಇಷ್ಟೇ. ಪಕ್ಕದಲ್ಲಿ ಕೂತ ಮುದುಕಿಯ ಕಣ್ಣು ನೆಟ್ಟಗೆ ಸೀರೆಯ ಮೇಲೇ ಬಿತ್ತು.

"ಸೆರಗ ಚಲೋ ಕಾಣತೈತಿ. ಬಿಚ್ಚಿ ತೋರಸೋ ತಮ್ಮಾ."

"ಬ್ಯಾಡ ಬೇ."

"ನಾ ಏನ್ ತಿಂತೀನೇನು? ನನ್ನ ಮಗಳಿಗೂ ಒಂದ ಬೇಕಾಗೇತಿ." ಮುದುಕಿ ಅಂಚು ಹಿಡಿದು ಎಳೆದೇಬಿಟ್ಟಳು.

"ಹರದೈತಿ ಬೇ ಅದು! ಪೂರಾ ಹರದೈತಿ!" ಎಂದು ಗ್ಯಾನಪ್ಪ ಬೆವೆತುಹೋದ. ಹುಟ್ಟಿದಾಗಿನಿಂದ ತನ್ನ ಕೈಯ ನೇಯ್ಗೆಗೆ ಅವನೇ ಕೆಟ್ಟ ಮಾತಾಡಿದ್ದು ಅದೊಂದೇ ಸಲ. ಮುದುಕಿ, "ಹರದ ಸೀರಿ ಕೂಸಿನಂಗ ಹಿಡಕೊಂಡಾನ, ಪಾಪ, ತಲಿ ಕೆಟ್ಟೈತಿ," ಎಂದು ಆ ಕಡೆ ಸರಿದು ಕೂತಳು.

ರೋಣದ ಸಂತೆಯ ತುದಿಗೆ, ಬೇವಿನ ಮರದ ಕೆಳಗೆ ಸಾಣೆಯ ಗಾಲಿ ತಿರುಗುತ್ತಿತ್ತು. ಕುಡುಗೋಲು, ಕುರುಪಿ, ಕತ್ತರಿ ಹಿಡಿದವರು ಸಾಲಾಗಿ ನಿಂತಿದ್ದರು. ಗ್ಯಾನಪ್ಪನೂ ಸಾಲಿನಲ್ಲಿ ನಿಂತ. ಮುಂದಿನವರು ಒಬ್ಬೊಬ್ಬರೇ ಕಡಿಮೆಯಾದಂತೆ ಅವನು ಸೀರೆಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಜಂಗ್ಲಿಸಾಬನ ಗಡ್ಡ ಅರ್ಧ ಬೆಳ್ಳಗಾಗಿತ್ತು. ತಲೆ ಎತ್ತದೆಯೇ ಅವನು, ಎದುರು ಬಂದು ನಿಂತ ಹಳೆಯ ಮೆಟ್ಟುಗಳನ್ನು ಗುರುತು ಹಿಡಿದ. ಗಾಲಿ ಒಂದು ಸುತ್ತು ತಪ್ಪಿತು.

"ಇಡ್ರಿ," ಎಂದ.

ಮತ್ತೆ 'ರಿ'. ಗ್ಯಾನಪ್ಪ ಬಗ್ಗಿ, ಸೀರೆ ಬಿಚ್ಚಿ, ಗೋಣಿಚೀಲದ ಮೇಲೆ ಚೂರಿಯನ್ನು ಮಲಗಿಸಿದ. ಮಲಗಿಸಿ ಕೈ ಹಿಂದಕ್ಕೆ ತೆಗೆದ. ಬಾಲ ಎತ್ತಿದ ಪ್ರಾಣಿ ಅಲ್ಲಿಯೇ ಓಡುತ್ತಿತ್ತು.

ಜಂಗ್ಲಿಸಾಬ ಅದನ್ನು ನೋಡಿದ. ಎತ್ತಿಕೊಳ್ಳಲಿಲ್ಲ.

"ಎಣ್ಣಿ ಹಚ್ಚಿ ಇಟ್ಟೀರಿ," ಎಂದ ಕೊನೆಗೆ.

"ಹೂಂ."

"ಯಾವ ಗ್ವಾಡಿಗೆ ಹಾಕಿದ್ರಿ? ಜರ್ಮನಿ ಅಂತ ಹೇಳೇ ಹಾಕಿರಬೇಕಲ್ಲ."

"ಹಾಕಿಲ್ಲ."

"ಯಾಕ?"

"ಹ್ಯಾಂಗ ಹಾಕಲಿ? ಇಬ್ಬರೂ ಒಪ್ಪಿಲ್ಲಲ್ಲ."

ಗಾಲಿ ನಿಂತಿತು. ಜಂಗ್ಲಿಸಾಬ ಹೆಗಲ ಮೇಲಿನ ಅರಿವೆಯಿಂದ ಕಣ್ಣೊರೆಸಿಕೊಂಡ. ಸಾಣೆಯ ಕಿಡಿ ಬಿತ್ತೆಂದು ಹೇಳಲು ಗಾಲಿಯಾದರೂ ತಿರುಗುತ್ತಿರಬೇಕಿತ್ತು.

"ಎರಡ ವರ್ಸ ನಿಮ್ಮ ಹಿಂದಿನ ಓಣ್ಯಾಗ ಗಂಟಲ ಹರಕೊಂಡೆ. ಅಲ್ಲಿ ಒಬ್ಬರ ಮನ್ಯಾಗೂ ಚೂರಿ ಇಲ್ಲ. ನಿನಗ ಕೇಳಸತಿದ್ದಿಲ್ಲೇನೋ?"

"ಲಾಳಿ ನಿಂದ್ರಿಸಿ ಕೇಳತಿದ್ದೆನಲೋ."

"ಮತ್ತ ಕರೀಬೇಕಿಲ್ಲ? ಕಪ್ಪಿ! ಕಪ್ಪ್ಯಾದರೂ ಒದರತೈತಿ!"

ಗ್ಯಾನಪ್ಪನಿಗೆ ಆ ಬೈಗುಳ, ಎರಡು ವರ್ಷ ಬಾಯಿ ಕಟ್ಟಿದವನಿಗೆ ಬೆಲ್ಲ ಇಟ್ಟಂತಾಯಿತು. ಹಿಂದೆ ನಿಂತಿದ್ದ ಹೆಂಗಸು ಕುಡುಗೋಲು ಆಡಿಸಿದಳು. "ಏ ಸಾಬಣ್ಣಾ, ಅಳೂದು ಆಮ್ಯಾಲ ಅಳಾಕ ಬರತೈತಿ. ನನ್ನ ಕುಡಗೋಲ ಮೊದ್ಲ ಮಾಡಿಕೊಡು, ಬಸ್ ಹೊಂಟಿತು!"

ಜಂಗ್ಲಿಸಾಬ ಕುಡುಗೋಲನ್ನು ಬದಿಗಿಟ್ಟು, ಗೋಣಿಚೀಲದ ಮೇಲಿನ ಚೂರಿಯನ್ನು ಎರಡೂ ಕೈಯಿಂದ ಎತ್ತಿಕೊಂಡ.

ಲಗ್ನದ ವಾರ ಅವನು ಗಾಲಿಯ ಸಮೇತ ನೇಕಾರ ಓಣಿಯಲ್ಲಿ ಠಿಕಾಣಿ ಹೂಡಿದ. ಗೋಡೆಯ ಸೈನ್ಯವೆಲ್ಲ ಇಳಿದು, ಮಿಂದು, ಹೊಳೆದು ಮತ್ತೆ ಗೋಡೆ ಏರಿತು. ಕೊನೆಗೆ ಗಾಳೆವ್ವ ಈಳಿಗೆಮಣೆ ತಂದು ನೆಲಕ್ಕೆ ಕುಕ್ಕಿದಳು.

"ದೇಶಾವರಿ ಮುಗದಿದ್ರ ಇದನ್ನೊಂದಿಷ್ಟ ನೋಡ್ರಿ."

ಅದು ಬರೀ ಸಾಣೆಗೆ ಬಗ್ಗುವ ಸ್ಥಿತಿಯಲ್ಲಿರಲಿಲ್ಲ. ಅಲಗು ಮಣೆಯಲ್ಲಿ ಅಲ್ಲಾಡುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಜಂಗ್ಲಿಸಾಬ ಅದನ್ನು ಮಣೆಯಿಂದ ಕಿತ್ತ. ಕಟ್ಟಿಗೆಯೊಳಗೆ ಹುದುಗಿದ್ದ ಬುಡವನ್ನು ಒರೆಸಿದ. ಒರೆಸಿದ ಕೈ ಅಲ್ಲಿಯೇ ನಿಂತಿತು. ಅದನ್ನು ನೆಲಕ್ಕಿಟ್ಟ. ಗ್ಯಾನಪ್ಪ ಎತ್ತಿಕೊಂಡು ಬಿಸಿಲಿಗೆ ಹಿಡಿದ.

ಸಣ್ಣದೊಂದು ಪ್ರಾಣಿ, ಬಾಲ ಎತ್ತಿ ಓಡುತ್ತಿತ್ತು.

"ಅಯ್ಯ, ಇದು ನಮ್ಮಪ್ಪ ನರಗುಂದದ ಕಮ್ಮಾರ ಅರ್ಜುನಪ್ಪನ ಕಡೆ ಮಾಡಿಸಿದ್ದಲ್ಲೇನು," ಎಂದಳು ಗಾಳೆವ್ವ. "ಅವಂದೊಂದು ನಾಯಿ ಇತ್ತು. ಭಾಳ ಜೀವ. ಅದು ಸತ್ತ ಮ್ಯಾಲ ಮಾಡಿದ್ದಕ್ಕೆಲ್ಲ ಅದರ ಮುದ್ರಿ ಹೊಡೀತಿದ್ದ, ಹಿಡಕಿಯೊಳಗ ಮುಚ್ಚಿ ಹೋಗೂವಂಗ. ಚಲೋ ಮಾಲಿಗೆ ಮಾತ್ರ ಹೊರಗ ಕಾಣೂವಂಗ. ಬಾಲ ಯಾವಾಗಲೂ ಮ್ಯಾಲ. ಆ ಚೂರೀನ ನನಗ ಯಾರ ತೋರಿಸಿದ್ರಿ?"

ಇಬ್ಬರೂ ಕಟ್ಟೆಯ ಮೇಲೆ ಕೂತರು. ಇರಾನಿನ ಸಿಂಹವೂ ಜರ್ಮನಿಯ ತೋಳವೂ ಇಪ್ಪತ್ತೈದು ವರ್ಷದಿಂದ ಗಾಳೆವ್ವನ ಕಾಲಡಿಗೆ ಬಾಲ ಅಲ್ಲಾಡಿಸುತ್ತಿದ್ದವು.

"ಎರಡ ವರ್ಸ," ಎಂದ ಗ್ಯಾನಪ್ಪ. "ಒಂದ ನರಗುಂದದ ನಾಯಿ ಸಲುವಾಗಿ."

"ಯಾರಿಗೂ ಹೇಳಬ್ಯಾಡಲೇ," ಎಂದ ಜಂಗ್ಲಿಸಾಬ. "ಜಗಳಕ್ಕೊಂದು ಮರ್ಯಾದಿ ಬ್ಯಾಡೇನು? ಜರ್ಮನಿ ಅನ್ನು. ನಾ ಒಪ್ಪೀನಿ."

"ಛೇ, ಇರಾನಾನ ಇರಲಿ. ನೀ ತಂದದ್ದು."

"ನಾ ಹೇಳತೀನಿ ಜರ್ಮನಿ!"

"ಇರಾನಂದ್ರ ಇರಾನ!"

ಒಳಗಿನಿಂದ ಗಾಳೆವ್ವ, "ಮತ್ತ ಸುರು ಆತೇನ್ರೋ?" ಎಂದಳು.

ಲಗ್ನದ ದಿನ ಶಿವನಪ್ಪ ಬಾಸಿಂಗ ಕಟ್ಟಿ, ನಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದು ಹಂದರಕ್ಕೆ ಬಂದ. ಹೆಣ್ಣಿನ ಸೋದರಮಾವ ಬಗ್ಗಿ ನೋಡಿ, "ಭಾರಿ ಐತಲ್ರೀ ಮಾಲು. ಎಲ್ಲೀದಿದು?" ಎಂದು ಕೇಳಿದ.

"ಇರಾನ," ಎಂದ ಗ್ಯಾನಪ್ಪ.

"ಜರ್ಮನಿ," ಎಂದ ಜಂಗ್ಲಿಸಾಬ, ಅದೇ ಉಸಿರಿನಲ್ಲಿ.

ಸೋದರಮಾವ ಇಬ್ಬರ ಮುಖವನ್ನೂ ನೋಡಿದ. ಆರತಿ ಹಿಡಿದು ನಿಂತಿದ್ದ ಗಾಳೆವ್ವ ಸೆರಗು ಸರಿಮಾಡಿಕೊಂಡಳು. "ನನ್ನ ತವರುಮನೀ ಕಡೇದ್ರಿ," ಎಂದಳು. ಹೊಳೆಮಣ್ಣೂರಿನವರಿಗೆ ಆ ಉತ್ತರವೇ ಎಲ್ಲಕ್ಕಿಂತ ಘನವಾಗಿ ಕೇಳಿಸಿತು.

ಅಕ್ಷತೆ ಮುಗಿದು, ನಾಲ್ಕು ದಿನ ಕಳೆದ ಮೇಲೆ, ಶಿವನಪ್ಪ ಚೂರಿ ಒರೆಸಿ ಅಪ್ಪನ ಕಡೆ ಕೈ ನೀಡಿದ. ಇರಾನವೋ ಜರ್ಮನಿಯೋ ಇನ್ನೂ ತೀರ್ಮಾನವಾಗದಿದ್ದರೂ ಗ್ಯಾನಪ್ಪ ಆಗಷ್ಟೇ ಗೋಡೆಗೆ ಮೊಳೆ ಹೊಡೆದು ನಿಂತಿದ್ದ.

"ನೆಲಕ್ಕಿಡೋ!" ಎಂದು ಇಬ್ಬರು ಮುದುಕರೂ ಒಟ್ಟಿಗೆ ಚೀರಿದರು. ಹೊಸ ಸೊಸೆ ಒಳಗೆ ತಂಬಿಗೆ ಕೈಬಿಟ್ಟಳು.

ಹುಡುಗ ಹೆದರಿ ನೆಲಕ್ಕಿಟ್ಟ. ಎತ್ತಿಕೊಳ್ಳಲು ಇಬ್ಬರೂ ಒಮ್ಮೆಲೇ ಬಗ್ಗಿದರು, ತಲೆಗೆ ತಲೆ ಟಣ್ಣೆಂದು ತಾಗಿತು.

ಜಂಗ್ಲಿಸಾಬ ಹಣೆ ಉಜ್ಜಿಕೊಳ್ಳುತ್ತ ಕಿವಿ ಓರೆ ಮಾಡಿದ. "ಕೇಳಿದೇನು? ತಂಬಗಿ ಬಿದ್ದಂಗ ಅಂತು."

"ಅದು ಒಳಗ ಖರೇನ ತಂಬಗಿ ಬಿದ್ದದ್ದೋ ಹುಚ್ಚಪ್ಪಾ," ಎಂದ ಗ್ಯಾನಪ್ಪ, ಮತ್ತು ಚೂರಿಯನ್ನು ಅವನೇ ಎತ್ತಲೆಂದು ಕೈ ಹಿಂದಕ್ಕೆ ತೆಗೆದ.